ದೀಪದೆಣ್ಣೆಯ ಜೀಪು

“ಕೇಳಿರಪ್ಪಾ, ಬಿಳಿಗಲ್ಲು ದುರ್ಗದ ಪ್ರಜೆಗಳೇ! ಬೆಟ್ಟದ ಸ್ವಾಮಿಗೆ ದೀಪದೆಣ್ಣೆ ಒಯ್ಯುವ ಅರಮನೆಯ ಜೀಪು ಬೇಸಿಗೆಯಲ್ಲಿ ದಾರಿ ನಡುವೆಯೇ ನಿಲ್ಲುತ್ತಿದೆ. ನಂದಾದೀಪ ಆರಿಹೋಗಿದೆ. ಇದರ ಮರ್ಮವನ್ನು ರಾಜಕುಮಾರಿ ನೀಲಾಂಬೆಯವರು ಮೂರು ಒಗಟು ಮಾಡಿ ಕೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ಕತ್ತಿ!”

ಡಂಗುರದವನ ದನಿ ಬಿದ್ದುಹೋಗಿತ್ತು. ಯುಗಾದಿಯಿಂದ ಇದನ್ನೇ ಕೂಗುತ್ತಿದ್ದ. ಕೇಳುವವರಿಗೂ ಸಾಕಾಗಿತ್ತು.

ಚಿನ್ನಬೆಳ್ಳಿ ವ್ಯಾಪಾರದ ಚಿನಿವಾರರ ಮಗನೊಬ್ಬ ಬಂದು ಮೊದಲ ಒಗಟಿಗೇ “ಪೆಟ್ರೋಲಿನಲ್ಲಿ ಕಲಬೆರಕೆ” ಎಂದ, ಸೆರೆಮನೆ ಸೇರಿದ. ಜೋಯಿಸನೊಬ್ಬ “ರಾಹುಕಾಲ” ಎಂದು ಅವನ ಪಕ್ಕದಲ್ಲೇ ಚಾಪೆ ಹಾಸಿದ. ಜೀಪು ಓಡಿಸುವ ಕರಿಯಣ್ಣನನ್ನಂತೂ ಒಗಟು ಕೇಳದೆಯೇ ಒಳಗೆ ಹಾಕಿದ್ದರು. ದೀಪ ಆರಿದ್ದು ಅವನ ಪಾಳಿಯಲ್ಲಿ.

ಅಮಾವಾಸ್ಯೆಯ ಮುಂಜಾನೆ ಕರಿಯಣ್ಣನ ತಮ್ಮ ದುಗ್ಗಪ್ಪ ಬಂದ. ಬೆಟ್ಟದ ದಾಸೋಹಕ್ಕೆ ಸೌದೆ ಹೊರುವುದು ಅವನ ಕಸುಬು. ತಲೆಯ ಹೊರೆಯನ್ನು ಅರಮನೆಯ ಬಾಗಿಲಲ್ಲಿ ಇಳಿಸಿ, ದೊರೆಗೆ ಅಡ್ಡಬಿದ್ದ.

“ಬುದ್ಧೀ, ನಾನೂ ಒಂದು ಕೈ ನೋಡುತ್ತೇನೆ. ಗೆದ್ದರೆ ಅಣ್ಣನನ್ನು ಬಿಡಬೇಕು.”

ಕಂಬಕ್ಕೊರಗಿ ಕತ್ತಿ ಮಸೆಯುತ್ತಿದ್ದ ತಳವಾರ ನಿಟ್ಟುಸಿರಿಟ್ಟ. “ಇನ್ನೊಬ್ಬ ಬಂದನಲ್ಲಪ್ಪಾ! ಮಸೆದೂ ಮಸೆದೂ ನನ್ನ ರಟ್ಟೆ ಬಿದ್ದುಹೋಗಿದೆ.”

ನೀಲಾಂಬೆಗೂ ಕೇಳಿ ಕೇಳಿ ಬೇಸರ ಬಂದಿತ್ತು. ಆದರೂ ಕೇಳಿದಳು. “ಒಂದೇ ಬಂಡಿ, ಒಂದೇ ಹೊರೆ, ಒಂದೇ ದಾರಿ. ಹೊಟ್ಟೆ ತುಂಬ ಪೆಟ್ರೋಲು. ಚಳಿಯ ಮುಂಜಾನೆ ಹೋರಿಯಂತೆ ಏರುತ್ತದೆ, ಬೇಸಿಗೆಯ ನಡುಹಗಲು ಏದುಸಿರು ಬಿಡುತ್ತದೆ. ಅದಕ್ಕೆ ಯಾವ ಊಟ ಕಡಿಮೆಯಾಯಿತು?”

“ಗಾಳಿ, ಅಮ್ಮಣ್ಣೀ. ತಣ್ಣನೆಯ ಗಾಳಿ ಗಟ್ಟಿ, ಕಾದ ಗಾಳಿ ತೆಳು. ಎಷ್ಟು ಎಳೆದರೂ ಎದೆ ತುಂಬುವುದಿಲ್ಲ. ಹೊರೆ ಹೊತ್ತು ಅದೇ ದಾರಿ ಏರುವವನು ನಾನು. ಎಂಜಿನ್ನಿನ ಪಾಡೂ ಅದೇ.”

ಆಕೆ ಒಪ್ಪಿ ತಲೆಯಾಡಿಸಿದಳು. ಮೊದಲೆರಡು ಒಗಟಿನ ಉತ್ತರವನ್ನು ಜೀಪು ತಂದುಕೊಟ್ಟ ಮೇಸ್ತ್ರಿ ಅವಳಿಗೆ ಹೇಳಿ ಹೋಗಿದ್ದ. ಎರಡನೆಯದನ್ನು ಕೇಳಿದಳು.

“ನಮ್ಮ ಹಳೆಯ ಜೀಪು ಬೆಟ್ಟ ಏರಿದಷ್ಟೂ ಕರಿಹೊಗೆ ಕಾರುತ್ತಿತ್ತು. ಈ ಹೊಸದು ಸುಮ್ಮನೆ ಬಲಗುಂದುತ್ತದೆ, ಹೊಗೆ ಬಿಡುವುದಿಲ್ಲ. ಇದರೊಳಗೆ ಕೂತು ಬೆಟ್ಟದ ಎತ್ತರ ಬಲ್ಲವರು ಯಾರು?”

“ಅಡುಗೆಯವನು.”

ಸಭೆ ನಕ್ಕಿತು. ದುಗ್ಗಪ್ಪನಿಗೆ ನಗುವ ಶಕ್ತಿಯಿರಲಿಲ್ಲ.

“ನಮ್ಮ ದಾಸೋಹದ ಅಡುಗೆಯ ಸಿದ್ಧಯ್ಯನವರು ಪಂಕ್ತಿ ನೋಡಿಯೇ ಅಕ್ಕಿ ಹಾಕುವುದು. ಹಳೆಯ ಜೀಪಿನ ಕಾರ್ಬೊರೇಟರ್ ಪಂಕ್ತಿ ನೋಡದೆ ಪೆಟ್ರೋಲು ಸುರಿಯುತ್ತಿತ್ತು. ಮೇಲೆ ಗಾಳಿ ತೆಳು, ಪೆಟ್ರೋಲು ಮಿಕ್ಕಿ ಹೊಗೆಯಾಗುತ್ತಿತ್ತು. ಇದರಲ್ಲಿ ಗಾಳಿ ಅಳೆಯುವ ಸೆನ್ಸರ್ ಇದೆಯೆಂದು ಅಣ್ಣ ಹೇಳುತ್ತಿದ್ದ. ಅದರ ಲೆಕ್ಕದಂತೆ ಇಂಜೆಕ್ಟರ್ ಬಡಿಸುತ್ತದೆ. ಗಾಳಿಯೆಂಬ ಉಣ್ಣುವವರು ಕಡಿಮೆಯಾದರೆ ಅಡುಗೆಯೂ ಕಡಿಮೆ, ಬಲವೂ ಕಡಿಮೆ. ಆದರೆ ಎಲೆಯಲ್ಲಿ ಏನೂ ಬಿಡುವುದಿಲ್ಲ.”

ತಳವಾರ ಮಸೆಯುವುದನ್ನು ನಿಲ್ಲಿಸಿದ.

ನೀಲಾಂಬೆ ಮೆಲ್ಲಗೆ ಹೇಳಿದಳು. “ಮೂರನೆಯದರ ಉತ್ತರ ನನಗೂ ತಿಳಿಯದು, ಜೀಪೇ ಸಾಕ್ಷಿ ಹೇಳಬೇಕು. ಬಿರುಬಿಸಿಲಿನಲ್ಲಿ ಏಳನೆಯ ತಿರುವಿಗೆ ಬಂದರೆ ಅದು ನಿಂತೇ ಬಿಡುತ್ತದೆ. ಯಾರೂ ರಿಪೇರಿ ಮಾಡುವುದಿಲ್ಲ. ಹೊತ್ತಿಳಿದ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗದಂತೆ ಹೊರಡುತ್ತದೆ. ನಿಲ್ಲಿಸುವವರು ಯಾರು, ಹೊರಡಿಸುವವರು ಯಾರು?”

ದುಗ್ಗಪ್ಪ ಅಂಗಳದ ಕಡೆ ತಿರುಗಿದ. “ಒಮ್ಮೆ ಜೀಪು ನೋಡಲೇ?” ಎಂದ.

ಅಂಗಳದಲ್ಲಿ ಜೀಪು ಎಣ್ಣೆಯ ಕೊಡ ಹೊತ್ತು ನಿಂತಿತ್ತು. ಮೈಗೆಲ್ಲ ವಿಭೂತಿಯ ಪಟ್ಟೆ. ಮುಂದಿನ ಜಾಲರಿಯ ಮೇಲೆ ತೋಳುಗಾತ್ರದ ಸೇವಂತಿಗೆ ಹಾರ, ಸುತ್ತಿನ ಮೇಲೆ ಸುತ್ತು. ಒಂದು ಕಂಡಿಯೂ ಕಾಣುತ್ತಿರಲಿಲ್ಲ.

“ಈ ಹಾರ ಕಟ್ಟಿದವರು?”

“ನಾನೇ,” ಎಂದಳು ನೀಲಾಂಬೆ. “ಸ್ವಾಮಿಯ ಬಂಡಿ ಹಾರವಿಲ್ಲದೆ ಹೊರಡಬಾರದು, ಅದು ಮನೆತನದ ನೇಮ. ದೀಪ ಆರಿದಂದಿನಿಂದ ಇನ್ನಷ್ಟು ದಪ್ಪ ಕಟ್ಟುತ್ತಿದ್ದೇನೆ.”

ದುಗ್ಗಪ್ಪ ಜಾಲರಿಯ ಮುಂದೆ ಬಾಗಿ ಹಾರದ ಸಂದಿಯಲ್ಲಿ ಬೆರಳಿಟ್ಟು ನೋಡಿದ.

“ಅಮ್ಮಣ್ಣೀ, ಹೇಳಿದರೆ ನನ್ನ ತಲೆ ಹೋದೀತು, ಹೇಳದಿದ್ದರೆ ಅಣ್ಣನದು ಹೋಗುತ್ತದೆ. ನಿಲ್ಲಿಸುತ್ತಿರುವುದು ಈ ಹಾರ. ಎಂಜಿನ್ ತಣಿಸುವ ಗಾಳಿ ಹೋಗುವುದು ಈ ಜಾಲರಿಯಿಂದ. ಚಳಿಗಾಲದಲ್ಲಿ ನಡೆಯುತ್ತದೆ. ಬಿಸಿಲಲ್ಲಿ ಒಳಗಿನ ಕಾವು ಏರಿ ಪೈಪಿನ ಪೆಟ್ರೋಲೇ ಕುದಿದು ಆವಿಯಾಗುತ್ತದೆ. ಆವಿಯನ್ನು ಇಂಜೆಕ್ಟರ್ ಹೇಗೆ ಬಡಿಸೀತು? ಹೊರಡಿಸುವುದು ಸಂಜೆಯ ತಂಗಾಳಿ. ಬಂಡಿಗೂ ದಣಿವಾರಬೇಕಲ್ಲ.”

ದೊರೆ ಎದ್ದು ನಿಂತ. “ದೇವರ ಹಾರದ ಮೇಲೆ ದೋಷ ಹೊರಿಸುತ್ತೀಯೇನೋ?”

“ಹಾರದ ಮೇಲಲ್ಲ ಬುದ್ಧೀ, ಅದನ್ನು ಕಟ್ಟಿದ ಜಾಗದ ಮೇಲೆ.”

ನೀಲಾಂಬೆ ತಾನೇ ಹಾರ ಬಿಚ್ಚಿ ಕಣ್ಣಿಗೊತ್ತಿಕೊಂಡು, “ನಡುಹಗಲಿಗೇ ಹೊರಡೋಣ. ಕರಿಯಣ್ಣನನ್ನು ಕರೆತನ್ನಿ,” ಎಂದಳು.

ಕರಿಯಣ್ಣ ಬಂದು ಕೂತ. ಪಕ್ಕದಲ್ಲಿ ಹಾರ ಹಿಡಿದ ರಾಜಕುಮಾರಿ, ಹಿಂದೆ ಕೊಡ ತಬ್ಬಿದ ದುಗ್ಗಪ್ಪ. ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲು. ಜೀಪು ಏದುಸಿರು ಬಿಟ್ಟಿತು, ನಿಧಾನವಾಯಿತು. ಏಳನೆಯ ತಿರುವಿನಲ್ಲಿ ಅಣ್ಣತಮ್ಮಂದಿರು ಉಸಿರು ಬಿಗಿಹಿಡಿದರು. ಜೀಪು ನಿಲ್ಲಲಿಲ್ಲ.

ದೀಪ ಹೊತ್ತಿತೆಂದು ಬೆಟ್ಟದ ಗಂಟೆ ಕೋಟೆಗೆ ಕೇಳಿಸಿತು. ತಳವಾರ ಕತ್ತಿಯನ್ನು ಪಕ್ಕಕ್ಕಿಟ್ಟು ಗೋಡೆಗೊರಗಿದ, ಅಲ್ಲೇ ಗೊರಕೆ ಹೊಡೆದ. ಬಿಡುಗಡೆಯಾದ ಜೋಯಿಸನೂ ಚಿನಿವಾರರ ಮಗನೂ ಚಾಪೆ ಸುತ್ತಿಕೊಂಡು ಮನೆ ಸೇರಿದರು.

ಇಳಿದು ಬಂದ ದುಗ್ಗಪ್ಪನನ್ನು ದೊರೆ ಕೇಳಿದ. “ಮದುವೆಯ ಮುಹೂರ್ತ ನೋಡಿಸಲೇ?”

“ಅಪ್ಪಣೆ ಬುದ್ಧೀ. ಆದರೆ ಮೊದಲು ಒಂದು ನಿದ್ದೆ ಮಾಡುತ್ತೇನೆ.”

ನೀಲಾಂಬೆ ಬಹಳ ದಿನಗಳ ಮೇಲೆ ನಕ್ಕಳು. ಸ್ವಾಮಿಗೆ ಮುಟ್ಟಿಸಿ ತಂದ ಹಾರವನ್ನು ಅವನ ಕೈಗಿತ್ತಳು. ಕತ್ತಿ ಕಾದಿದ್ದ ಅಣ್ಣನ ಕೊರಳಿಗೆ ದುಗ್ಗಪ್ಪ ಅದನ್ನು ಹಾಕಿದ. ಕರಿಯಣ್ಣ ಕೊರಳು ಮುಟ್ಟಿ ಮುಟ್ಟಿ ನೋಡಿಕೊಂಡ.

ಮದುವೆ ಶ್ರಾವಣದಲ್ಲಾಯಿತು. ಆ ದಿನವೂ ಜೀಪಿಗೆ ಹಾರ ತಪ್ಪಲಿಲ್ಲ, ಹಿಂದುಗಡೆ ಕಟ್ಟಿದ್ದರು. ಬೆಟ್ಟದ ದೀಪ ಉರಿಯುತ್ತಿರಲಿ, ದಣಿದು ಕೇಳಿದ ನಿಮಗೂ ಸ್ವಾಮಿ ಒಳ್ಳೆಯ ನಿದ್ದೆ ಕೊಡಲಿ.