ಪೂರ್ವದ ಗೋಡೆ ಒಡೆದ ಝಲ್ಮಾನ್

ಪೋಲೆಂಡಿನಿಂದ ಹನ್ನೊಂದು ಯೆಹೂದಿ ಮನೆತನಗಳು ನಮ್ಮ ಕರಾವಳಿಯ ಒಂದು ಬಂದರಿಗೆ ಬಂದು ನೆಲೆಸಿದವು. ಹಡಗಿನಿಂದ ಇಳಿದಾಗ ಅವರ ಬಳಿ ಗಂಟುಮೂಟೆ ಬಿಟ್ಟರೆ ಏನೂ ಇರಲಿಲ್ಲ. ಆರು ವರ್ಷ ಉಪ್ಪಿನ ಗೋದಾಮಿನಲ್ಲೇ ಪ್ರಾರ್ಥನೆ ಮಾಡಿದರು, ಪಾಪ. ಕೊನೆಗೆ ಊರವರು ಜಾಗ ಬಿಟ್ಟುಕೊಟ್ಟರು, ಸಭಾಮಂದಿರದ ಕೆಲಸ ಶುರುವಾಯಿತು. ಉಸ್ತುವಾರಿ ಗಡಿಯಾರ ರಿಪೇರಿ ಮಾಡುವ ಝಲ್ಮಾನನದು. ಒಳ್ಳೆಯ ಮನುಷ್ಯ, ಆದರೆ ತಾನು ಹೇಳಿದ್ದೇ ಸರಿ ಅನ್ನುವ ಜಂಬ ಒಂದು ಚೂರು ಜಾಸ್ತಿ!

ಯೆಹೂದಿಗಳು ಯೆರೂಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಾರೆ. ಪೋಲೆಂಡಿನಲ್ಲಿ ಅದಕ್ಕಾಗಿ ಪೂರ್ವಕ್ಕೆ ತಿರುಗುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಅದೇ ರೂಢಿ. ಹಾಗಾಗಿ ಝಲ್ಮಾನ್ ಧರ್ಮಗ್ರಂಥದ ಸುರುಳಿ ಇಡುವ ಗೂಡನ್ನು ಪೂರ್ವದ ಗೋಡೆಯಲ್ಲೇ ಕಟ್ಟಿಸಿದ, ಬಾಗಿಲನ್ನು ಪಶ್ಚಿಮಕ್ಕೆ ಇಡಿಸಿದ.

ಅವರ ಹೊಸವರ್ಷದ ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಕಲ್ಲು ಹೊರುತ್ತಿದ್ದ ಬೀರಮ್ಮ ಸುಮ್ಮನೆ ಕೇಳಿದಳು, "ಒಡೆಯಾ, ನಿಮ್ಮ ಪುಣ್ಯದ ಊರು ಎಲ್ಲಿದೆ?"

"ಸಮುದ್ರದ ಆಚೆ, ಬೀರಮ್ಮ."

"ಅಯ್ಯೋ! ಸಮುದ್ರ ಇರೋದು ಪಡುವಣಕ್ಕಲ್ವಾ? ನೀವು ಘಟ್ಟಕ್ಕೆ ಯಾಕೆ ಕೈ ಮುಗೀತೀರಿ?"

ಝಲ್ಮಾನ್ ಒಮ್ಮೆ ಕಡಲಿನತ್ತ, ಒಮ್ಮೆ ಗೂಡಿನತ್ತ ತಿರುಗಿ ನೋಡಿದ. ಹೌದಲ್ಲ! ಪೋಲೆಂಡು ಬಿಟ್ಟು ಇಷ್ಟು ದೂರ ಬಂದಿದ್ದರೂ ದಿಕ್ಕನ್ನು ಮಾತ್ರ ಅಲ್ಲಿಂದಲೇ ಹೊತ್ತು ತಂದಿದ್ದರು. ಆರು ವರ್ಷ ಯೆರೂಸಲೇಮಿಗೆ ಬೆನ್ನು ತೋರಿಸಿ ಬೇಡಿಕೊಂಡಿದ್ದರು!

ಭಾವಮೈದ ಲೀಬ್ ಕಿವಿಯಲ್ಲಿ ಪಿಸುಗುಟ್ಟಿದ, "ಸುಮ್ಮನಿರಿ ಭಾವ. ಹಬ್ಬ ಹತ್ತಿರ ಬಂತು. ಮರ್ಯಾದೆ ಹೋಗುತ್ತೆ. ದೇವರು ಎಲ್ಲ ದಿಕ್ಕಿನಲ್ಲೂ ಇದ್ದಾನೆ."

ಝಲ್ಮಾನನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ನಾಚಿಕೆಯಿಂದ ಮುಖ ಕೆಂಪಾಯಿತು. ಆದರೆ ಗೊತ್ತಿದ್ದೂ ಜನರನ್ನು ತಪ್ಪು ದಿಕ್ಕಿಗೆ ನಿಲ್ಲಿಸುವುದು ಹೇಗೆ? ಅವನು ಎಲ್ಲರನ್ನೂ ಕೂಗಿ ಕರೆದ.

"ತಪ್ಪು ನನ್ನದು. ಬೀರಮ್ಮ ಹೇಳಿದ್ದು ಸರಿ. ಈ ಗೂಡು ಒಡೆಯಬೇಕು," ಎಂದು ಸುತ್ತಿಗೆ ಎತ್ತಿ ಮೊದಲ ಪೆಟ್ಟು ತಾನೇ ಹಾಕಿದ.

ಯಾರೂ ನಗಲಿಲ್ಲ. ಲೀಬ್ ಅಂಗಿ ತೋಳು ಮಡಚಿದ. ಸುದ್ದಿ ಕೇಳಿ ಮೀನುಗಾರರು, ಬಡಗಿಗಳು, ಬಂದರಿನ ಹಮಾಲರು ಎಲ್ಲರೂ ಓಡಿ ಬಂದರು. ನಡುವೆ ಒಂದು ಶನಿವಾರ, ಅಂದು ಅವರ ಧರ್ಮದಲ್ಲಿ ಕೆಲಸ ನಿಷಿದ್ಧ. ಉಳಿದ ದಿನಗಳಲ್ಲಿ ಬಾಗಿಲು ಪೂರ್ವಕ್ಕೆ ಹೋಯಿತು, ಗೂಡು ಪಶ್ಚಿಮಕ್ಕೆ ಬಂತು. ಹಬ್ಬದ ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ಕೊನೆಯ ಕಲ್ಲನ್ನು ಝಲ್ಮಾನನೂ ಬೀರಮ್ಮನೂ ಸೇರಿ ಕೂರಿಸಿದರು.

ಹಬ್ಬದ ಬೆಳಿಗ್ಗೆ ಹನ್ನೊಂದು ಮನೆತನಗಳೂ ಕಡಲಿನ ಕಡೆ ಮುಖ ಮಾಡಿ ನಿಂತವು. ಹಬ್ಬದ ಪದ್ಧತಿಯಂತೆ ಝಲ್ಮಾನ್ ಟಗರಿನ ಕೊಂಬು ಎತ್ತಿ ಎದೆತುಂಬ ಉಸಿರು ಎಳೆದುಕೊಂಡು ಊದಿದ. ಅಬ್ಬಾ, ಏನು ಸದ್ದು! ಬಂದರಿನ ದೋಣಿಗಳಲ್ಲಿದ್ದವರು ಎದ್ದು ನಿಂತು ಕೇಕೆ ಹಾಕಿದರು.

ನೀತಿ: ರೂಢಿಯಿಂದ ಆದ ತಪ್ಪು ಗೊತ್ತಾದ ಕೂಡಲೇ ಮರ್ಯಾದೆಗೆ ಅಂಜದೆ ಒಪ್ಪಿಕೊಳ್ಳಿ, ಮುಂದೆ ನಿಂತು ತಿದ್ದಿ. ತೋರಿಸಿಕೊಟ್ಟವರು ಕಲ್ಲು ಹೊರುವವರೇ ಆಗಿರಲಿ, ಅವರ ಮಾತಿಗೆ ಬೆಲೆ ಕೊಡಿ. ತಪ್ಪು ಒಪ್ಪಿಕೊಂಡವನಿಗೆ ಊರೇ ಹೆಗಲು ಕೊಡುತ್ತದೆ.