ಗಾಳಿ, ಕಡಲು ಮತ್ತು ಎರಡು ಮರಿಗಳು

ಉಷ್ಣವಲಯದ ದೊಡ್ಡ ಸಾಗರವೊಂದರ ಮೂಡಣ ದಂಡೆಯಲ್ಲಿ ಕಡಲಹಕ್ಕಿಯೊಂದು ಎರಡು ಮರಿ ಮಾಡಿತ್ತು. ಆ ವರ್ಷ ನೀರು ಬಿಸಿಯಾಗಿ ಮೀನೆಲ್ಲ ತಂಪು ಹುಡುಕಿಕೊಂಡು ಆಳಕ್ಕಿಳಿದವು. ಮರಿಗಳು ಬಾಯಿ ತೆರೆದೇ ಕೂತಿದ್ದವು. ಹಕ್ಕಿ ಗಾಳಿಯ ಬಳಿ ಹೋಯಿತು.

“ಗಾಳಿರಾಯ, ಬೀಸು. ನೀನು ಬಿಸಿನೀರನ್ನು ಪಡುವಣಕ್ಕೆ ತಳ್ಳಿದರೆ ಅಡಿಯ ತಣ್ಣೀರು ಮೇಲೆ ಬರುತ್ತದೆ, ಜೊತೆಗೆ ಮೀನೂ ಬರುತ್ತದೆ.”

“ಕಡಲು ಇಲ್ಲಿ ತಣ್ಣಗಿದ್ದು ಪಡುವಣದಲ್ಲಿ ಬೆಚ್ಚಗಿದ್ದರೆ ತಾನೆ ನಾನು ಅತ್ತ ಓಡುವುದು? ಎಲ್ಲ ಕಡೆ ಒಂದೇ ಬಿಸಿಯಾದರೆ ನನಗೆ ಕಾಲೇ ಏಳುವುದಿಲ್ಲ. ಮೊದಲು ಅವಳು ತಣ್ಣಗಾಗಲಿ.”

ಹಕ್ಕಿ ಕಡಲನ್ನು ಕೇಳಿತು. “ತಾಯೀ, ತಣ್ಣಗಾಗು.”

“ಚೆನ್ನಾಗಿ ಹೇಳಿದೆ! ಅವನು ಬೀಸುವುದು ಬಿಟ್ಟಿದ್ದಕ್ಕೇ ಈ ಬಿಸಿನೀರೆಲ್ಲ ವಾಪಸು ಬಂದು ನನ್ನ ಎದೆಯ ಮೇಲೆ ಕೂತಿದೆ. ಮೊದಲು ಅವನು ಬೀಸಲಿ.”

“ಇಬ್ಬರಲ್ಲಿ ಯಾರಾದರೂ ಒಂದು ಚೂರು ಶುರುಮಾಡಿ,” ಎಂದು ಹಕ್ಕಿ ಅಂಗಲಾಚಿತು. ಇಬ್ಬರಿಗೂ ಮರ್ಯಾದೆ ಅಡ್ಡ ಬಂತು. ಗಾಳಿ ಸೋತಷ್ಟೂ ಕಡಲು ಬಿಸಿಯಾಯಿತು, ಕಡಲು ಬಿಸಿಯಾದಷ್ಟೂ ಗಾಳಿ ಸೋತಿತು. ದೂರದ ನಾಡುಗಳಲ್ಲಿ ಒಂದೆಡೆ ಮಳೆಯೇ ಬರಲಿಲ್ಲ, ಇನ್ನೊಂದೆಡೆ ಊರಿಗೆ ಊರೇ ಕೊಚ್ಚಿಹೋಯಿತು.

ಕೊನೆಗೊಂದು ದಿನ ಗಾಳಿ ಎದ್ದಿತು, ನೀರು ತಣ್ಣಗಾಯಿತು, ಮೀನು ಹಿಂಡುಗಟ್ಟಿ ಮೇಲೆ ಬಂತು. ಕೂಡಲೇ ಹೊಸ ಜಗಳ ಹತ್ತಿಕೊಂಡಿತು.

“ಮೊದಲು ಬೀಸಿದ್ದು ನಾನು!” ಎಂದಿತು ಗಾಳಿ.

“ಮೊದಲು ತಣ್ಣಗಾದದ್ದು ನಾನು!” ಎಂದಿತು ಕಡಲು.

ಇಬ್ಬರೂ ಹಕ್ಕಿಯನ್ನು ಸಾಕ್ಷಿಗೆ ಕರೆದರು. “ನೀನೇ ಹೇಳಮ್ಮ, ಮೊದಲು ಯಾರು?”

ಹಕ್ಕಿ ಖಾಲಿ ಗೂಡಿನ ಅಂಚಿನಲ್ಲಿ ಕೂತಿತ್ತು.

“ಮೊದಲು ಸತ್ತದ್ದು ನನ್ನ ಕಿರಿಮರಿ,” ಎಂದಿತು. “ಆಮೇಲೆ ಹಿರಿಯದು.”