ಮೂರನೆಯ ಬಾಹು

"ಗುರುಗಳೇ, ನಾನು ಕೈ ಚಾಚಿದ್ದೇನೆ. ಅಣ್ಣನ ಕೈ ಮುಂದೆ ಬರದಿದ್ದರೆ ತಪ್ಪು ಯಾರದು?" ಎಂದು ಶಿಷ್ಯ ಕೇಳಿದ.

ಅವನು ಗರಡಿಯಲ್ಲಿ ಬೆಳೆದವನು. ಸುತ್ತಲಿನ ಊರುಗಳ ಪೈಲ್ವಾನರ ಬೆನ್ನಿಗೆಲ್ಲ ಮಣ್ಣು ಹತ್ತಿಸಿದವನು. ಪ್ರಶ್ನೆಯನ್ನೂ ತೊಡೆ ತಟ್ಟಿಯೇ ಕೇಳುತ್ತಿದ್ದ.

"ಪೂರ್ತಿ ಹೇಳು" ಎಂದರು ಗುರುಗಳು.

"ಈ ತೋಳು ಅಣ್ಣ ಕುಡಿಸಿದ ಹಾಲಿನದು. ತನ್ನ ಮಕ್ಕಳಿಗೆ ಮಜ್ಜಿಗೆ ಕೊಟ್ಟು ನನಗೆ ಹಾಲು ಕೊಟ್ಟ. ಅದನ್ನು ಇಲ್ಲ ಎನ್ನುವ ಹೇಡಿ ನಾನಲ್ಲ. ಆದರೆ ಯಾವುದೋ ಒಂದು ಮಾತಿಗೆ ಮುನಿದು ಕೂತಿದ್ದಾನೆ. ಬಂದು ಹೋಗು ಎಂದು ಹೇಳಿ ಕಳಿಸಿದೆ. ಬರಲಿಲ್ಲ. ನನ್ನ ಕೈ ಉದ್ದವೇ ಇದೆ. ಗಿಡ್ಡ ಅವನದು."

ಗುರುಗಳು ಒಂದು ಕತೆ ಹೇಳಿದರು.

ಇಬ್ಬರು ರೈತರು. ಒಬ್ಬೊಬ್ಬರಿಗೆ ಒಂದೊಂದೇ ಎತ್ತು. ಎರಡನ್ನೂ ಜೋಡಿ ಕಟ್ಟಿ ಇಬ್ಬರ ಹೊಲವನ್ನೂ ಉಳುತ್ತಿದ್ದರು. ಒಮ್ಮೆ ಮಾತಿಗೆ ಮಾತು ಬೆಳೆದು ಮುಖ ನೋಡುವುದನ್ನೇ ಬಿಟ್ಟರು. ಎತ್ತುಗಳು ಮಾತ್ರ ಒಂದನ್ನೊಂದು ಬಿಟ್ಟು ಮೇಯಲಿಲ್ಲ. ಮಳೆಗಾಲ ಹತ್ತಿರವಾಯಿತು. ಬದುವಿನ ಮೇಲೆ ಎರಡಕ್ಕೂ ಸೇರಿ ಒಂದು ಕೊಟ್ಟಿಗೆ ಹಾಕಲೇಬೇಕಾಯಿತು. ಆ ಕಡೆಯ ಬಿದಿರು ಅವನದು, ಈ ಕಡೆಯದು ಇವನದು, ತುದಿಗಳು ನೆತ್ತಿಯಲ್ಲಿ ಕೂಡಬೇಕು ಎಂದು ಊರವರು ಒಪ್ಪಿಸಿದರು.

ಇವನ ಗಾಳಿ ಸೋಕಬಾರದೆಂದು ಅವನು ಗುಂಡಿಯನ್ನು ದೂರ ತೋಡಿದ. ನಾನೇನು ಕಡಿಮೆ ಎಂದು ಇವನು ಇನ್ನೂ ದೂರ ತೋಡಿದ. ಬುಡವನ್ನು ಗುಂಡಿಗಿಟ್ಟು ಬಿದಿರನ್ನು ಓರೆ ಮಾಡಿದರು. ತುದಿಗಳು ಕೂಡಲಿಲ್ಲ. ಇನ್ನೂ ಓರೆ ಮಾಡಿದರು. ಕೊನೆಗೆ ನೆಲಕ್ಕೇ ಮಲಗಿಸಿದರು. ಆಗಲೂ ನಡುವೆ ಒಂದು ಮೊಳ ಉಳಿಯಿತು.

"ನಿನ್ನ ಬಿದಿರು ಗಿಡ್ಡ ಕಣೋ, ನಿನ್ನ ಬುದ್ಧಿಯ ಹಾಗೆ" ಎಂದ ಒಬ್ಬ.

"ನನ್ನದನ್ನು ನೆಟ್ಟಗೆ ನಿಲ್ಲಿಸಿದರೆ ಮೋಡಕ್ಕೆ ತೂತು ಬೀಳುತ್ತದೆ. ನಿನ್ನದನ್ನು ನೋಡಿಕೋ ಹೋಗು" ಎಂದ ಇನ್ನೊಬ್ಬ.

ಇಬ್ಬರೂ ಇನ್ನಷ್ಟು ಉದ್ದದ ಬಿದಿರು ತಂದರು. ಉದ್ದವಾಯಿತಲ್ಲ ಎಂಬ ಹೆಮ್ಮೆಗೆ ಗುಂಡಿಯನ್ನೂ ಹಿಂದಕ್ಕೆ ತೋಡಿದರು. ಮತ್ತೆ ಅದೇ ಮೊಳ.

ತ್ರಿಕೋನದ ಬದಿಗೆ ಬಾಹು ಎನ್ನುತ್ತಾರೆ. ಬಾಹು ಎಂದರೆ ತೋಳು. ಎರಡು ಬಾಹುಗಳು ಸೇರಿ ಮೂರನೆಯದಕ್ಕಿಂತ ಉದ್ದವಿರಬೇಕು. ಇಲ್ಲವಾದರೆ ತ್ರಿಕೋನವೇ ಆಗದು. ಇಬ್ಬರೂ ತಮ್ಮ ತಮ್ಮ ಬಿದಿರನ್ನು ಅಳೆದರು. ಮೂರನೆಯ ಬಾಹು ನಡುವಿನ ನೆಲ. ಅದನ್ನು ಯಾರೂ ಅಳೆಯಲಿಲ್ಲ.

ಮಳೆ ಬಂತು. ಎತ್ತುಗಳು ಬದುವಿನ ಮೇಲೆ ನೆನೆಯುತ್ತ ನಿಂತವು. ಒಬ್ಬ ರೈತ ನೋಡಿದ. ಅವನ ಎತ್ತಿನ ಬೆನ್ನಿನ ಮೇಲೆ ಇನ್ನೊಬ್ಬನ ಎತ್ತು ಕತ್ತು ಚಾಚಿ ಇಟ್ಟಿತ್ತು. ಅವನು ತನ್ನ ಬಿದಿರಿನ ಬುಡ ಕಿತ್ತು, ಮುಂದಕ್ಕೆ ತಂದು ಊರಿದ. ಇನ್ನೊಬ್ಬ ಕಂಡ. ಅವನೂ ತಂದು ಊರಿದ. ಮಲಗಿದ್ದ ಬಿದಿರುಗಳು ಎದ್ದು ನೆತ್ತಿಯಲ್ಲಿ ಕೂಡಿದವು. ಕಟ್ಟಿ, ಹುಲ್ಲು ಹೊದಿಸಿ, ಎತ್ತುಗಳೂ ಸೇರಿ ನಾಲ್ವರು ಒಳಗೆ ನಿಂತರು.

"ನಿನ್ನ ಬಿದಿರು ತಡೆಯದಿದ್ದರೆ ನನ್ನದು ನೆಲದ ಮೇಲೇ ಬಿದ್ದಿರುತ್ತಿತ್ತು ಮಾರಾಯ. ದೊಡ್ಡ ಉಪಕಾರವಾಯಿತು" ಎಂದ ಮೊದಲನೆಯವನು.

"ಉಪಕಾರ ಆಮೇಲೆ ಹೇಳುವೆಯಂತೆ. ಮೊದಲು ಈ ಕಡೆ ಸರಿ, ಅಲ್ಲಿ ಸೋರುತ್ತಿದೆ" ಎಂದ ಎರಡನೆಯವನು.

ಕತೆ ಕೇಳಿ ಶಿಷ್ಯನ ಕಣ್ಣು ತುಂಬಿತು. ಎದ್ದು ನಿಂತು ಎರಡೂ ಕೈ ಜೋಡಿಸಿದ.

"ಅಣ್ಣ ಮಾಡಿದ್ದಕ್ಕೆ ದಿನಾ ಬೆಳಿಗ್ಗೆ ಹೀಗೆ ಕೈಮುಗಿಯುತ್ತೇನೆ ಗುರುಗಳೇ, ಇಲ್ಲಿಂದಲೇ" ಎಂದ.

"ಇಲ್ಲಿಂದ ಅವನ ಮನೆ ಎಷ್ಟು ದೂರ?" ಎಂದರು ಗುರುಗಳು.